ಕಿಷ್ಕಿಂಧೆಯ ಪ್ರಾಣಿಗಳ ಯೋಗಕ್ಷೇಮ

ಹಂಪೆಯನ್ನು ಕುರಿತು ಕನ್ನಡದಲ್ಲಿ ಬಂದಿರತಕ್ಕ ಲೇಖನಗಳು ಅಲ್ಪವಲ್ಲ. ಅಲ್ಲಿಯ ಗೋಪುರಗಳನ್ನೂ ಕಲ್ಲಿನ ರಥವನ್ನೂ ಹಾಳುಬಿದ್ದ ಬಜಾರುಗಳನ್ನೂ ವಾಚಕರು ಚಿತ್ರಗಳಲ್ಲಾದರೂ ನೋಡಿರುವರು. 1565ರ ಯುದ್ಧದ ಕಥೆಯನ್ನು ಶಾಲೆಯಲ್ಲಿ ಓದಿ ಮರುಗಿರುವರು. ಆ ವಿಷಯಗಳನ್ನು ಇಲ್ಲಿ ಮತ್ತೆ ವಿಸ್ತರಿಸುವುದು ನಮ್ಮ ಉದ್ದೇಶವಲ್ಲ. ಕಳೆದ ಮಾರ್ಗಶಿರದಲ್ಲಿ ನಾವು ಹೊಸಪೇಟೆಯಲ್ಲಿ ಇಳಿದುಕೊಂಡು ನಾಲ್ಕು ದಿನಗಳ ಕಾಲ ಆ ಕ್ಷೇತ್ರದಲ್ಲಿ ಸಂಚರಿಸಿದೆವು. ಜೊತೆಯಲ್ಲಿ ನಮ್ಮ ಮಗಳ ಮಗ, ಹತ್ತು ವರ್ಷದ ಬಾಲಕ. ಅವನ ದೆಸೆಯಿಂದ ನಮ್ಮದು ದೇವಾಲಯಗಳ ಯಾತ್ರೆಯಾಗದೆ ಬಹುಮಟ್ಟಿಗೆ ಪ್ರಾಣಿಗಳ ಯಾತ್ರೆಯಾಯಿತು. ಅದನ್ನೇ ಇಲ್ಲಿ ನಿವೇದಿಸುವೆವು.

ತುಂಗಭದ್ರೆಯ ಎರಡು ದಡಗಳಲ್ಲಿ, ಹಂಪೆ ಆನೆಗೊಂದಿಗಳ ನಡುವೆ ಹಬ್ಬಿರುವ ಬಂಡೆಗುಡ್ಡಗಳ ಸೀಮೆಯೇ ರಾಮಾಯಣದ ಕಿಷ್ಕಿಂಧೆಯೆಂದು ಪರಂಪರೆ. ಋಷ್ಯಮೂಕ, ಮತಂಗ, ಮಾಲ್ಯವಂತ, ಅಂಜನಾದ್ರಿ ಎಂದು ಒಂದೊಂದು ಗುಡ್ಡಕ್ಕೂ ಕಾವ್ಯದ ಹೆಸರುಂಟು. ಆ ಕಾಂಡದಲ್ಲಿ ರಾಮಲಕ್ಷ್ಮಣರನ್ನು ಬಿಟ್ಟರೆ ಮನುಷ್ಯರು ಬಲು ವಿರಳ. ರಾಜ್ಯವಾಳತಕ್ಕವರೂ ಮಂತ್ರಾಲೋಚನೆ ಮಾಡತಕ್ಕವರೂ ಕಪಿಗಳು, ಋಕ್ಷಗಳು. ಋಕ್ಷವೆಂದರೆ ಕರಡಿ. ಜಾಂಬವಂತನು ಆ ಕುಲದವನು. ಈಗಲೂ ಇಲ್ಲಿ ಕಪಿಗಳೂ ಉಂಟು, ಕರಡಿಗಳೂ ಉಂಟು. ಮಾತು ಮಾತ್ರ ನಿಂತುಹೋಗಿದೆ. ಮಾತನಾಡಲಾರದವರಿಗೆ ಏನು ಬೇಕೆಂಬುದನ್ನು ನಾವೇ ಕಲಿತು ತಿಳಿಯಬೇಕಾಗಿದೆ.

ಮೊದಲ ದಿನ ವಿಠ್ಠಲ ದೇವಾಲಯಕ್ಕೆ ಹೋದೆವು. ಅಲ್ಲಿಯ ಮಂಟಪದ ಕಂಬಗಳಲ್ಲಿ ಹಿಂಗಾಲಮೇಲೆ ನಿಂತ ವ್ಯಾಳಗಳನ್ನು ನೋಡಿ ಹುಡುಗನು ಮುಂದಕ್ಕೆ ಬರಲೊಲ್ಲನು. ಸಿಂಹದ ಮೈ, ಹೊರಚಾಚಿದ ಕಣ್ಣು, ಕೆಲವಕ್ಕೆ ಆನೆಯ ಸೊಂಡಿಲು, ಬೆನ್ನಮೇಲೆ ಸವಾರ. ಯಾಳಿಯೆಂದು ಜನ ಕರೆಯುವುದೂ ಇದನ್ನೇ. ಇಲ್ಲಿ ಒಂದು ವಿಷಯವನ್ನು ಹೇಳಬೇಕು. ಈಚಿನ ಮಕ್ಕಳು ಕಂಪ್ಯೂಟರಿನ ಪರದೆಯ ಮೇಲೆ ಆಡತಕ್ಕ ಆಟಗಳಲ್ಲಿ ಮಾಯಾಪ್ರಾಣಿಗಳನ್ನು ಸಾಕುವ ಆಟವೂ ಒಂದು. ಹದ್ದಿನ ತಲೆಯೂ ಕುದುರೆಯ ಮೈಯೂ ಉಳ್ಳ ಪ್ರಾಣಿ, ರೆಕ್ಕೆಯ ಕುದುರೆ ಮುಂತಾದವುಗಳನ್ನು ಬೇಟೆಗಾರರಿಂದ ಬಿಡಿಸಿ ತಂದು, ಮೇವು ಹಾಕಿ, ಮೈ ಉಜ್ಜಿ, ಅವುಗಳ ವಿಶ್ವಾಸವನ್ನು ಸಂಪಾದಿಸಬೇಕಂತೆ. ರೈಲಿನಲ್ಲಿ ಬರುವಾಗ ಹುಡುಗನು ಇದನ್ನೆಲ್ಲ ನಮಗೆ ಸಾಂಗವಾಗಿ ವಿವರಿಸಿದ್ದನು. ಕೊಲ್ಲುವ ಆಟಕ್ಕಿಂತ ಸಾಕುವ ಆಟ ಮೇಲಲ್ಲವೇ? ನಮಗೇನೂ ಆಕ್ಷೇಪವಿಲ್ಲ. ಆದರೆ ಅದರಲ್ಲಿ ಮೇವಿನ ಗುಂಡಿಯನ್ನು ಒತ್ತಿದೊಡನೆ ಪ್ರಾಣಿಯು ಸಂತುಷ್ಟವಾಗುವುದು. ಬೇಡವೆನ್ನುವ ಅಧಿಕಾರ ಅದಕ್ಕಿಲ್ಲ.

"ತಾತ, ಇದು ಏನು ತಿನ್ನುತ್ತೆ?" ಎಂದು ಹುಡುಗನು ವ್ಯಾಳವನ್ನು ತೋರಿಸಿ ಕೇಳಿದನು.

ನಲವತ್ತು ವರ್ಷ ಸಂಸ್ಕೃತದ ಸಹವಾಸ ಮಾಡಿದರೂ ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಅವನೇ ಸ್ವಲ್ಪ ಯೋಚಿಸಿ, "ಸೊಂಡಿಲಿಗೆ ಕಬ್ಬು, ಹಲ್ಲಿಗೆ ಮಾಂಸ, ಎರಡನ್ನೂ ಇಟ್ಟು ದೂರ ನಿಂತುಕೊಳ್ಳಬೇಕು" ಎಂದು ತೀರ್ಮಾನಿಸಿದನು.

ವ್ಯಾಳದ ಪಾಲನೆಗೆ ಶಾಸ್ತ್ರವಿಲ್ಲದಿದ್ದರೂ ಆನೆಯ ಪಾಲನೆಗೆ ಉಂಟು. ಗಜಶಾಲೆಯ ಮುಂದಿನ ನೆರಳಿನಲ್ಲಿ ಕುಳಿತು ಪಾಲಕಾಪ್ಯ ಮುನಿಯ ಕಥೆಯನ್ನು ಅವನಿಗೆ ಹೇಳಿದೆವು. ಅಂಗದೇಶದ ರೋಮಪಾದರಾಜನು, ಕಾಡಾನೆಗಳು ಬೆಳೆಯನ್ನು ತುಳಿದು ಹಾಳುಮಾಡುತ್ತವೆಂದು ಅವನ್ನು ಹಿಡಿಸಿ ಚಂಪಾನಗರಕ್ಕೆ ತರಿಸಿ ಕಂಬಗಳಿಗೆ ಕಟ್ಟಿಸಿದನು. ಆ ಹಿಂಡಿನೊಡನೆಯೇ ಬೆಳೆದಿದ್ದ ಮುನಿಯು ಕಾಡಿನಲ್ಲಿ ಆನೆಗಳನ್ನು ಕಾಣದೆ ಹುಡುಕುತ್ತ ಹುಡುಕುತ್ತ ನಗರಕ್ಕೆ ಬಂದು, ಯಾರೊಡನೆಯೂ ಮಾತನಾಡದೆ, ಅವುಗಳ ಗಾಯಗಳಿಗೆ ಮೂಲಿಕೆಗಳನ್ನು ಅರೆದು ಹಚ್ಚುತ್ತ ಇದ್ದುಬಿಟ್ಟನು. ರಾಜನು ತಾನಾಗಿ ಬಂದು ಬೇಡಿಕೊಂಡ ಮೇಲೆ ಅವನು ಉಪದೇಶಿಸಿದ್ದೇ ನಾಲ್ಕು ಸ್ಥಾನಗಳುಳ್ಳ ಹಸ್ತ್ಯಾಯುರ್ವೇದವೆಂದು ಪ್ರತೀತಿ. ಕಥೆಯಲ್ಲಿ ನಮಗೆ ಮೆಚ್ಚಿಕೆಯಾದದ್ದು ಒಂದು: ಶಾಸ್ತ್ರವು ಗಾಯದಿಂದ ಹುಟ್ಟಿತು, ಅರಮನೆಯ ಅಪ್ಪಣೆಯಿಂದಲ್ಲ. ನಮ್ಮ ಕನ್ನಡದಲ್ಲಿಯೂ ಚಾಲುಕ್ಯವಂಶದ ಕೀರ್ತಿವರ್ಮನು ಹನ್ನೆರಡನೆಯ ಶತಮಾನದಲ್ಲಿ ಗೋವೈದ್ಯವೆಂಬ ಗ್ರಂಥವನ್ನು ಬರೆದನು. ಪಶುವಿನ ನೋವನ್ನು ಗ್ರಂಥಕ್ಕೆ ಅರ್ಹವಾದ ವಿಷಯವೆಂದು ಪೂರ್ವಿಕರು ತಿಳಿದಿದ್ದರು.

ಗಜಶಾಲೆಯು ಹನ್ನೊಂದು ಅಂಕಣಗಳುಳ್ಳ ಉದ್ದನೆಯ ಕಟ್ಟಡ. ಒಂದೊಂದರ ಮೇಲೂ ಗುಮ್ಮಟ, ನಟ್ಟನಡುವೆ ಮೇಲುಪ್ಪರಿಗೆ. ಪಟ್ಟದಾನೆಗಳು ಇಲ್ಲಿದ್ದುವೆಂದು ಹೇಳುವರು. 1443ರಲ್ಲಿ ಪಾರಸೀಕ ದೇಶದಿಂದ ರಾಯಭಾರಿಯಾಗಿ ಬಂದ ಅಬ್ದುಲ್ ರಜಾಕನು ಇಮ್ಮಡಿ ದೇವರಾಯನ ಆನೆಗಳ ಊಟವನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಈ ದೇವರಾಯನಿಗೆ ಗಜಬೇಂಟೆಗಾರನೆಂಬ ಬಿರುದಿತ್ತು. ಆನೆಗಳಿಗೆ ದಿನಕ್ಕೆ ಎರಡು ಸಲ ಕಿಚಡಿ. ಕೊಪ್ಪರಿಗೆಯಿಂದ ಅದನ್ನು ಆನೆಯ ಎದುರಿಗೇ ತೆಗೆದು, ಉಪ್ಪು ಉದುರಿಸಿ, ಸಕ್ಕರೆ ಚಿಮುಕಿಸಿ, ಎರಡೆರಡು ಮಣದ ಉಂಡೆ ಕಟ್ಟಿ, ತುಪ್ಪದಲ್ಲಿ ಅದ್ದಿ ಬಾಯಿಗಿಡುತ್ತಿದ್ದರಂತೆ. ಇವುಗಳಲ್ಲಿ ಒಂದು ಪದಾರ್ಥವು ಮರೆತುಹೋದರೂ ಆನೆಯು ಮಾವುತನ ಮೇಲೆ ಬೀಳುತ್ತಿತ್ತು. ರಾಜನೂ ಅವನನ್ನು ಕಠಿಣವಾಗಿ ದಂಡಿಸುತ್ತಿದ್ದನು. ನಮ್ಮ ಮನೆಗಳಲ್ಲಿ ಸಾರಿಗೆ ಉಪ್ಪು ಮರೆತ ದಿನ ನಡೆಯುವ ಪ್ರಸಂಗವೂ ಇದೇ ಜಾತಿಯದೆಂದು ಗೃಹಸ್ಥರಾದ ವಾಚಕರಿಗೆ ಹೇಳಬೇಕಾದ್ದಿಲ್ಲ. ಹುಡುಗನಿಗೆ ಮಾತ್ರ ಈ ಸಂಗತಿಯು ಬಹಳ ಹಿಡಿಸಿತು. ಉಪ್ಪಿಲ್ಲವೆಂದು ಸಿಟ್ಟಾಗುವ ಪ್ರಾಣಿಯು ಅವನ ಆಟದಲ್ಲಿ ಇಲ್ಲವಂತೆ.

ಕುದುರೆಗಳ ವಿಷಯವನ್ನು ಸಂಕ್ಷೇಪವಾಗಿ ಹೇಳುವೆವು. ಮಹಾನವಮಿ ದಿಬ್ಬದ ಗೋಡೆಯಲ್ಲಿ ಆನೆ, ಕುದುರೆ, ಒಂಟೆಗಳ ಸಾಲುಸಾಲೇ ಇದೆ. ಒರ್ಮುಜಿನ ಕಡೆಯಿಂದ ವರ್ಷಕ್ಕೆ ಹದಿಮೂರು ಸಾವಿರ ಕುದುರೆಗಳನ್ನು ರಾಯನು ಕೊಳ್ಳುತ್ತಿದ್ದನೆಂದು ಪೋರ್ಚುಗೀಸನಾದ ನೂನಿಜನು ಬರೆದಿದ್ದಾನೆ. ಅದಕ್ಕೂ ಮುಂಚೆ ಸಾಳುವ ನರಸಿಂಹನು ಸಮುದ್ರದಲ್ಲಿ ಸತ್ತ ಕುದುರೆಗೂ ಅದರ ಬಾಲವನ್ನು ತಂದು ತೋರಿಸಿದರೆ ಬೆಲೆ ಕೊಡುತ್ತಿದ್ದನಂತೆ. ವ್ಯಾಪಾರಿಗೆ ನಷ್ಟವಾಗಬಾರದೆಂಬ ರಾಜನೀತಿಯು ಸರಿಯೇ; ಆದರೆ ಸತ್ತರೂ ಬದುಕಿದರೂ ಒಂದೇ ಬೆಲೆಯಾದರೆ ಹಡಗಿನಲ್ಲಿ ಕುದುರೆಗೆ ನೀರು ಹೊತ್ತುಹಾಕುವವರು ಯಾರು? ಕಲ್ಲಿನ ರಥದ ಮುಂದೆ ಈಗ ಆನೆಗಳು ನಿಂತಿವೆ. ಮೊದಲು ಅಲ್ಲಿದ್ದುದು ಕುದುರೆಗಳು. ಅವುಗಳ ಹಿಂಗಾಲಿನ ಗುರುತುಗಳನ್ನು ಆನೆಗಳ ಹಿಂದೆ ಬಗ್ಗಿ ನೋಡಿದರೆ ಕಾಣಬಹುದು. ಕಲ್ಲಿನ ಕುದುರೆಗಳಿಗೂ ಯೋಗಕ್ಷೇಮ ತಪ್ಪಿತು.

ಎರಡನೆಯ ದಿನ ಬೆಳಗ್ಗೆ ವಿರೂಪಾಕ್ಷನ ಸನ್ನಿಧಿಯ ಆನೆ ಲಕ್ಷ್ಮಿಯು ಸ್ನಾನಕ್ಕೆ ನದಿಗೆ ಇಳಿದುದನ್ನು ನೋಡಿದೆವು. ಹೊಳೆಯ ಮೆಟ್ಟಿಲುಗಳನ್ನು ಅವಳು ಇಳಿಯುವ ರೀತಿಯನ್ನು ನೋಡಬೇಕು: ಮುಂಗಾಲನ್ನು ಕೆಳಗಿಟ್ಟು, ಕಲ್ಲು ಅಲುಗುವುದಿಲ್ಲವೆಂದು ನಿಶ್ಚಯಿಸಿಕೊಂಡ ಮೇಲೆಯೇ ಹಿಂಗಾಲನ್ನು ತರುವಳು. ನೀರಿನಲ್ಲಿ ಮಗ್ಗುಲಾಗಿ ಮಲಗಿದಳು. ಮಾವುತನು ಕಿವಿಯ ಹಿಂಭಾಗ, ಕಣ್ಣಿನ ಸುತ್ತಲು, ಉಗುರುಗಳ ಸಂದು, ಇವನ್ನು ಬಹು ಹೊತ್ತು ಉಜ್ಜಿದನು. "ಮೈಗಿಂತ ಪಾದಾನ ನೋಡಬೇಕ್ರಿ ಸ್ವಾಮೇರ. ಪಾದ ಕೆಟ್ಟರ ಆನಿ ಕೆಟ್ಟಂಗ" ಎಂದು ಹೇಳಿದನು. ಕಾಡಿನ ಮಣ್ಣಿನ ಮೇಲೆ ನಡೆಯಲೆಂದು ಹುಟ್ಟಿದ ಪಾದವು ದಿನವೆಲ್ಲ ಕಲ್ಲುಹಾಸಿನ ಮೇಲೆ ನಿಂತರೆ ಬಿರುಕು ಬಿಡುವುದು, ಬಿರುಕಿನಲ್ಲಿ ಹರಳು ಸೇರಿ ಕೀವಾಗುವುದು. ಆನೆಯ ಹೊಟ್ಟೆಗೆ ದಿನಕ್ಕೆ 150 ಕಿಲೋವಿನಷ್ಟು ಮೇವು ಬೇಕು. ಅದರಲ್ಲಿ ಅರ್ಧದಷ್ಟೂ ಜೀರ್ಣವಾಗುವುದಿಲ್ಲ. ಇವೆಲ್ಲ ಆ ಮಾವುತನಿಗೆ ಗ್ರಂಥದಿಂದ ಬಂದ ತಿಳಿವಳಿಕೆಯಲ್ಲ. ಅವಳ ಎಡಗಣ್ಣಿನ ನೀರನ್ನು ನೋಡಿ ರಾತ್ರಿ ನಿದ್ದೆಯಾಗಿಲ್ಲವೆಂದು ಹೇಳಬಲ್ಲವನಾಗಿದ್ದನು.

ಇಷ್ಟಾದರೂ ಒಂದು ಮಾತನ್ನು ಮರೆಮಾಚಲಾರೆವು. ಆನೆಯು ಹಿಂಡಿನ ಪ್ರಾಣಿ. ಹೆಣ್ಣಾನೆಗಳು ತಾಯಿ, ಚಿಕ್ಕಮ್ಮ, ಅಕ್ಕತಂಗಿಯರೊಡನೆ ಆಯುಷ್ಯವನ್ನೆಲ್ಲ ಕಳೆಯುವುವು. ಗುಡಿಯ ಆನೆಗೆ ಭಕ್ತರು ಎಷ್ಟು ಮಂದಿಯಿದ್ದರೂ ಅಕ್ಕತಂಗಿಯರಿಲ್ಲ. ನಾಣ್ಯವನ್ನು ಸೊಂಡಿಲಿಗಿಟ್ಟು ಆಶೀರ್ವಾದ ಪಡೆದವರಲ್ಲಿ ನಮ್ಮ ಹುಡುಗನೂ ಒಬ್ಬ. ಅವನ ಸಂತೋಷವನ್ನು ನಾವು ಕೆಡಿಸಲಿಲ್ಲ.

ಅದೇ ಮಧ್ಯಾಹ್ನ ಹೊಳೆಯಾಚೆಯ ಅಂಜನಾದ್ರಿಯ 575 ಮೆಟ್ಟಿಲುಗಳನ್ನು ಹತ್ತಿದೆವು. ನಮ್ಮ ಮೊಣಕಾಲುಗಳ ಸಮಾಚಾರ ಇಲ್ಲಿ ಬೇಡ. ಹುಡುಗನು ಕೆಳಗಿನಿಂದಲೇ ಒಂದು ಚಿಪ್ಪು ಬಾಳೆಯ ಹಣ್ಣನ್ನು ಹಿಡಿದುಕೊಂಡು, ಹನುಮಂತನ ಕುಲದವರಿಗೆ ಒಂದೊಂದಾಗಿ ಕೊಡುವೆನೆಂದು ಉತ್ಸಾಹದಿಂದ ಏರುತ್ತಿದ್ದನು. ಅರ್ಧ ದಾರಿಯಲ್ಲಿ ಒಂದು ದೊಡ್ಡ ಗಂಡು ಮಂಗವು ಬಂದು ಚಿಪ್ಪನ್ನೇ ಕಿತ್ತುಕೊಂಡಿತು. ಜೊತೆಗೆ ಹುಡುಗನ ತೋಳಿನ ಮೇಲೆ ಗೀರು. ಸೋಡಾ ಮಾರುವ ಮುದುಕನು ನೀರು ಹಾಕಿ ತೊಳೆದು, ಇಳಿದೊಡನೆ ವೈದ್ಯರಿಗೆ ತೋರಿಸತಕ್ಕದ್ದೆಂದು ಎಚ್ಚರಿಸಿ, ಬಳಿಕ ಹೇಳಿದನು: "ಅದರದೇನ್ ತಪ್ಪಿಲ್ರಿ. ಮಂದಿ ಕೊಟ್ಟು ಕೊಟ್ಟು ಕಲಿಸ್ಯಾರ. ಕೊಟ್ಟರ ತಿಂತೈತಿ, ಕೊಡದಿದ್ದರ ಕಸಗೊಂತೈತಿ." ಗೀರು ಮೇಲುಮೇಲಿನದಾಗಿದ್ದರೂ ಹೊಸಪೇಟೆಯಲ್ಲಿ ಚುಚ್ಚುಮದ್ದು ಹಾಕಿಸಿದೆವು. ವಾಚಕರು ಇಂತಹ ಸಂದರ್ಭದಲ್ಲಿ ಅರಿಸಿನ ಮೆತ್ತಿ ಸುಮ್ಮನಾಗಕೂಡದು.

ಇಲ್ಲಿ ಕಪಿಗಳು ಎರಡು ಜಾತಿ. ಕೆಂಪುಮೋರೆಯ ಮಂಗ ಒಂದು. ಕಪ್ಪುಮೋರೆಯ ಉದ್ದಬಾಲದ ಮುಸುವ ಇನ್ನೊಂದು. ಮುಸುವನ ಜಠರವು ಎತ್ತಿನ ಜಠರದಂತೆ ಹಲವು ಅರೆಗಳುಳ್ಳದ್ದು, ಎಲೆಚಿಗುರುಗಳನ್ನು ಹುಳಿಯಿಸಿ ಜೀರ್ಣಿಸಲು ಏರ್ಪಟ್ಟದ್ದು. ಮದುವೆಯ ಮನೆಯಲ್ಲಿ ಮಿಕ್ಕ ಅನ್ನವನ್ನು ಎತ್ತಿಗೆ ಸುರಿದರೆ ಹೊಟ್ಟೆಯುಬ್ಬಿ ಸಾಯುವುದೆಂದು ಒಕ್ಕಲಿಗರ ಮನೆಯಲ್ಲಿ ಎಲ್ಲರೂ ಬಲ್ಲರು. ಮುಸುವನಿಗೆ ಬಿಸ್ಕತ್ತನ್ನೂ ಸಿಹಿತಿಂಡಿಯನ್ನೂ ಕೊಡುವವರು ಅದನ್ನೇ ಭಕ್ತಿಯಿಂದ ಮಾಡುತ್ತಿರುವರು. ಹನುಮಂತನಿಗೆ ನೈವೇದ್ಯವನ್ನು ಗುಡಿಯಲ್ಲಿಯೇ ಮಾಡಬಹುದಷ್ಟೆ.

"ಏನೂ ಕೊಡದಿದ್ದರೆ ಅದಕ್ಕೆ ನಾವು ಇಷ್ಟವಂತ ಹೇಗೆ ಗೊತ್ತಾಗುತ್ತೆ?" ಎಂದು ಹುಡುಗನು ಇಳಿಯುವಾಗ ಕೇಳಿದನು. ನಾವು ಹೇಳಿದ ಉತ್ತರ ಅವನಿಗೆ ಸಮಾಧಾನವನ್ನು ಕೊಡಲಿಲ್ಲ.

ಮೂರನೆಯ ದಿನ ದರೋಜಿಗೆ ಹೋದೆವು. ಕಮಲಾಪುರವನ್ನು ದಾಟಿ, ಹಂಪೆಯಿಂದ ಸುಮಾರು 15 ಕಿಲೋಮೀಟರು. ಕಲ್ಲುಗುಡ್ಡಗಳೂ ಮುಳ್ಳಿನ ಪೊದೆಗಳೂ ತುಂಬಿದ ಈ ಒಣ ಅರಣ್ಯವನ್ನು 1994ರಲ್ಲಿ ಕರಡಿಗಳ ಅಭಯಧಾಮವೆಂದು ಸರಕಾರದವರು ಘೋಷಿಸಿದರು. ಮುಂದೆ ಪಕ್ಕದ ಕಾಡೂ ಸೇರಿ ಅದರ ವಿಸ್ತಾರವು 82 ಚದರ ಕಿಲೋಮೀಟರಿಗೆ ಮುಟ್ಟಿತು. ಒಂದರ ಮೇಲೊಂದು ಬಿದ್ದಿರುವ ಹೆಬ್ಬಂಡೆಗಳ ಸಂದುಗಳೇ ಕರಡಿಯ ಮನೆಗಳು. ಬಿಸಿಲಿನಲ್ಲಿ ಬಂಡೆ ಕಾದಿದ್ದರೂ ಒಳಗಿನ ಗವಿಯು ತಂಪಾಗಿರುವುದು.

ನಮ್ಮ ದೇಶದ ಈ ಕರಡಿಯ ಅವಯವರಚನೆಯನ್ನು ನೋಡಿದರೆ ಸೃಷ್ಟಿಕರ್ತನು ವ್ಯಾಳವನ್ನು ಮಾಡಹೊರಟು ನಡುವೆ ಮನಸ್ಸು ಬದಲಿಸಿದನೋ ಎನ್ನಿಸುವುದು. ಮೇಲ್ದವಡೆಯ ನಡುವಣ ಎರಡು ಹಲ್ಲುಗಳು ಇದಕ್ಕಿಲ್ಲ. ತುಟಿಗಳನ್ನು ಕೊಳವೆಯಂತೆ ಮುಂದಕ್ಕೆ ಚಾಚಬಲ್ಲುದು. ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಳ್ಳಬಲ್ಲುದು. ಉದ್ದನೆಯ ಉಗುರುಗಳಿಂದ ಹುತ್ತವನ್ನು ಕೆದರಿ, ಧೂಳನ್ನು ಊದಿ ಹಾರಿಸಿ, ಹಲ್ಲಿನ ಸಂದಿಯ ಮೂಲಕ ಗೆದ್ದಲುಗಳನ್ನು ಬುರ್ರನೆ ಹೀರುವುದು. ಆ ಸದ್ದು ಬಹುದೂರ ಕೇಳುವುದು. 1791ರಲ್ಲಿ ಜಾರ್ಜ್ ಷಾ ಎಂಬ ಆಂಗ್ಲ ಪಂಡಿತನು ಉಗುರನ್ನೂ ಹಲ್ಲನ್ನೂ ನೋಡಿ ಇದನ್ನು ಕರಡಿಯೆಂದೇ ಎಣಿಸದೆ, ಅಮೆರಿಕಾ ಖಂಡದಲ್ಲಿ ಮರಕ್ಕೆ ತಲೆಕೆಳಗಾಗಿ ತೂಗುವ ಒಂದು ಸೋಮಾರಿ ಪ್ರಾಣಿಯ ಜಾತಿಗೆ ಸೇರಿಸಿದನು. ಆಂಗ್ಲ ಭಾಷೆಯಲ್ಲಿ ಇದಕ್ಕೆ ಸೋಮಾರಿಯೆಂಬ ಹೆಸರು ಈಗಲೂ ಅಂಟಿಕೊಂಡಿದೆ. ಜಾಂಬವಂತನನ್ನು ಕುರಿತು ಇಂತಹ ಅಪವಾದವನ್ನು ಕಾವ್ಯದಲ್ಲಿ ಯಾರೂ ಹೊರಿಸಿಲ್ಲ.

ನಮ್ಮ ಬಾಲ್ಯದಲ್ಲಿ ಕರಡಿಯು ಊರಿನ ಬೀದಿಗೇ ಬರುತ್ತಿತ್ತು. ಖಲಂದರರು ಮೂಗುದಾರ ಹಿಡಿದು ಕುಣಿಸುತ್ತಿದ್ದರು. ಮಕ್ಕಳಿಗೆ ಭಯ ಬಿಡಲೆಂದು ತಾಯಂದಿರು ಅವರನ್ನು ಕರಡಿಯ ಬೆನ್ನಮೇಲೆ ಕೂರಿಸುತ್ತಿದ್ದರು. ಅದರ ಕೂದಲನ್ನು ತಾಯಿತದಲ್ಲಿಟ್ಟು ಕೊರಳಿಗೆ ಕಟ್ಟುತ್ತಿದ್ದರು. ನಮ್ಮ ಕೊರಳಿನಲ್ಲಿಯೂ ಇತ್ತು. ದೃಷ್ಟಿಯನ್ನೂ ಗಾಳಿಯನ್ನೂ ಓಡಿಸುವ ಈ ಮಾಯಾಪ್ರಾಣಿಯ ಮೂತಿಗೆ ಮರಿಯಾಗಿದ್ದಾಗಲೇ ಕಾಯಿಸಿದ ಸೂಜಿಯಿಂದ ತೂತು ಮಾಡಿ ಹಗ್ಗ ಪೋಣಿಸುವರೆಂದೂ, ಹಲ್ಲು ಮುರಿಯುವರೆಂದೂ, ಮರಿಯನ್ನು ಪಡೆಯಲು ತಾಯಿಯನ್ನು ಕೊಲ್ಲುವರೆಂದೂ ತಾಯಿತ ಕಟ್ಟಿದವರು ಯಾರೂ ವಿಚಾರಿಸಲಿಲ್ಲ. 1972ರ ವನ್ಯಜೀವಿ ಕಾಯಿದೆಯಿಂದ ಇದು ನಿಷಿದ್ಧವಾದರೂ ನಿಲ್ಲಲು ಬಹುಕಾಲ ಹಿಡಿಯಿತು. ಆಡಿಸುವವರಿಗೆ ಬೇರೆ ಕಸುಬನ್ನು ಕಲ್ಪಿಸಿಕೊಟ್ಟ ಮೇಲೆಯೇ ಕರಡಿಗಳು ಬಿಡುಗಡೆಯಾದುವು. ನಮ್ಮ ಬನ್ನೇರುಘಟ್ಟದಲ್ಲಿ ಅವುಗಳಿಗಾಗಿ 2005ರಲ್ಲಿ ಒಂದು ಆಶ್ರಯವು ಏರ್ಪಟ್ಟಿತು. ಹಸಿದ ಮನುಷ್ಯನನ್ನು ಹಾಗೆಯೇ ಬಿಟ್ಟು ಪ್ರಾಣಿಯನ್ನು ಮಾತ್ರ ಉದ್ಧರಿಸಲಾಗದೆಂಬುದನ್ನು ಆ ಕೆಲಸ ಮಾಡಿದವರು ಚೆನ್ನಾಗಿ ಕಂಡುಕೊಂಡರು.

ವೀಕ್ಷಣೆಯ ಗೋಪುರದಲ್ಲಿ ಸದ್ದಿಲ್ಲದೆ ಕುಳಿತೆವು. ಎದುರಿನ ಗುಡ್ಡದ ಬಂಡೆಗಳ ಮೇಲೆ ಬೆಲ್ಲದ ಪಾಕವನ್ನು ಬಳಿದು ಕರಡಿಗಳನ್ನು ಹೊರಕ್ಕೆ ಬರಿಸುವ ಪದ್ಧತಿಯು ಇಲ್ಲಿ ಬಹುವರ್ಷಗಳಿಂದ ನಡೆದುಬಂದುದು. ನೋಡಬಂದವರಿಗೆ ಇದರಿಂದ ದರ್ಶನಲಾಭವುಂಟಾಗುವುದು. ಜನರ ಪ್ರೀತಿ ಬೆಳೆದರೆ ಕಾಡು ಉಳಿಯುವುದೆಂಬ ವಾದವೂ ಉಂಟು. ನಮಗಾದರೋ ಹಿಂದಿನ ದಿನದ ಬಾಳೆಯ ಚಿಪ್ಪು ಮರೆತಿರಲಿಲ್ಲ. ಬೆಲ್ಲದ ರುಚಿಯನ್ನು ಕಲಿತ ಕರಡಿಗೆ ಹೊಲದ ಕಬ್ಬು ಮನೆಯ ಅಡಿಗೆಯಂತೆ ಕಾಣಬಹುದಲ್ಲವೇ? ಈ ಸಂದೇಹವನ್ನು ಅಲ್ಲಿಯ ಕಾವಲುಗಾರನ ಮುಂದಿಟ್ಟೆವು. ಅವನು ಬೆಲ್ಲದ ಮಾತನ್ನು ಬಿಟ್ಟು, ಕಾಡಿನೊಳಗೆ ಹಚ್ಚಿದ ಗಿಡಗಳ ಹೆಸರನ್ನು ಹೇಳುತ್ತ ಹೋದನು: ಬಾರೆ, ಕವಳೆ, ಉಲುಪೆ, ನೇರಳೆ. ನೀರಿನ ಗುಂಡಿಗಳನ್ನು ತೋರಿಸಿದನು. "ಗಿಡ ಹಣ್ಣು ಬಿಟ್ಟ ವರ್ಷ ಹೊಲಕ್ಕ ಹೋಗೋದು ಕಡಿಮಿ ಆಗತೈತ್ರಿ. ಹೋದರೂ ರೈತ ಎದಿ ಒಡಕೊಂಡು ಓಡಬಾರದು, ಗುಂಪಾಗಿ ಮಾತಾಡಿಕೋಂತ ನಡೀಬೇಕು" ಎಂದನು. ಕರಡಿಗೆ ಮೂಗು ಬಲು ಚುರುಕು. ಕಣ್ಣು ಕಿವಿ ಮಂದ. ಗೆದ್ದಲು ಹೀರುವ ಭರದಲ್ಲಿ ಮನುಷ್ಯನು ಹತ್ತಿರ ಬಂದುದೇ ಗೊತ್ತಾಗದೆ, ತಲೆಯೆತ್ತಿ ನೋಡಿ, ಬೆದರಿ ಮೇಲೆ ಬೀಳುವುದು. ಸುತ್ತಲಿನ ಹಳ್ಳಿಗಳಲ್ಲಿ ಮುಖದ ಮೇಲೆ ಕರಡಿಯ ಉಗುರಿನ ಗಾಯ ಹೊತ್ತವರಿರುವರು. ಅವರ ಮುಂದೆ ಕರಡಿಯ ಸೊಗಸನ್ನು ವರ್ಣಿಸುವುದು ನಮ್ಮಂತಹ ಯಾತ್ರಿಕರಿಗೆ ಸುಲಭ.

ನಾಲ್ಕು ಗಂಟೆಯ ಸುಮಾರಿಗೆ ಬಂಡೆಯ ನೆರಳೊಂದು ಅಲುಗಿದಂತಾಯಿತು. ಕಾವಲುಗಾರನು ದುರ್ಬೀನನ್ನು ಹುಡುಗನ ಕೈಗೆ ಕೊಟ್ಟನು. ತಾಯಿಕರಡಿಯು ತೋಳುಗಳನ್ನು ಒಳಮುಖವಾಗಿ ಬೀಸಿಕೊಂಡು ಇಳಿಯುತ್ತಿತ್ತು. ಬೆನ್ನಿನ ಜಡೆಗೂದಲನ್ನು ಹಿಡಿದು ಎರಡು ಮರಿಗಳು ಮಲಗಿದ್ದುವು. ಮರಿಗಳನ್ನು ಹೀಗೆ ತಿಂಗಳುಗಟ್ಟಲೆ ಬೆನ್ನಮೇಲೆ ಹೊತ್ತು ತಿರುಗುವುದು ಈ ಜಾತಿಯ ಕರಡಿಯ ವಿಶೇಷ. ಒಂದು ಮರಿ ಜಾರಿತು. ತಾಯಿ ನಿಂತಿತು, ಮರಿ ಮತ್ತೆ ಹತ್ತಿತು, ತಾಯಿ ನಡೆಯಿತು. ಬೆಲ್ಲದ ಬಂಡೆಗೆ ಅದು ಬರಲೇ ಇಲ್ಲ. ಪೊದೆಯ ಮರೆಯ ಹುತ್ತವೊಂದರ ಕಡೆಗೆ ಹೋಯಿತು. ನಾವು ಪಂಚಮಿಯ ದಿನ ಹಾಲೆರೆಯುವ ಹುತ್ತವು ಅದಕ್ಕೆ ಅಡಿಗೆಯ ಮನೆ. ಹುಡುಗನು ಉಸಿರು ಬಿಗಿಹಿಡಿದು ಮುಕ್ಕಾಲು ಗಂಟೆ ನೋಡಿದನು. ಏನು ತಿನ್ನುತ್ತದೆಂದು ಈ ಸಲ ಕೇಳಲಿಲ್ಲ.

ಕೊನೆಯ ಸಂಜೆ ಹರಿಗೋಲಿನಲ್ಲಿ ಹೊಳೆಯ ಮೇಲೆ ಹೋದೆವು. 1520ರ ಸುಮಾರಿಗೆ ಬಂದ ಪಾಯೆಜನು ಬುಟ್ಟಿಯಂತೆ ದುಂಡಗಿರುವ, ತೊಗಲು ಹೊದಿಸಿದ ದೋಣಿಗಳನ್ನು ಇಲ್ಲಿಯೇ ಕಂಡು ಬೆರಗಾಗಿದ್ದನು. ಅಣೆಕಟ್ಟಿನ ಕೆಳಗಿನ ಮುದ್ಲಾಪುರದಿಂದ ಕಂಪ್ಲಿಯವರೆಗೆ 34 ಕಿಲೋಮೀಟರು ಹೊಳೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣೆಗಾಗಿ ಮೀಸಲಿಟ್ಟಿರುವರು; ನೀರುನಾಯಿಗೆಂದೇ ಮೀಸಲಾದ ಇಂತಹ ತಾಣವು ಭಾರತದಲ್ಲಿ ಇದೇ ಮೊದಲನೆಯದು. ಸಿಡಿಮದ್ದು ಎಸೆದು ಮೀನು ಹಿಡಿಯುವವರಿಂದಲೂ ಮರಳು ತೋಡುವವರಿಂದಲೂ ಅವುಗಳ ನೆಲೆಗೆ ಅಪಾಯ. ನಮ್ಮ ಅಂಬಿಗನೂ ಹಿಂದೆ ಮೀನು ಹಿಡಿಯುತ್ತಿದ್ದವನೇ. "ಬಲಿ ಹರಿತಾವ್ರಿ, ಸಿಟ್ಟು ಬರ್ತಿತ್ತು. ಆದರ ಹೊಳಿ ಅವುಂದೂ ಐತಲ್ರಿ" ಎಂದು ಹುಟ್ಟು ಹಾಕುತ್ತಲೇ ಹೇಳಿದನು.

ಒಂದು ಬಂಡೆಯ ಅಂಚಿನಲ್ಲಿ ಒದ್ದೆ ಹೆಜ್ಜೆಗಳೂ ಮೀನಿನ ಹುರುಪೆಗಳೂ ಕಾಣಿಸಿದುವು. ಬಂಡೆಯ ಬುಡದ ಪೊಟರೆಯಿಂದ ಸಣ್ಣ ದನಿಗಳು ಕೇಳಿಬಂದುವು. ಹುಡುಗನು ಬಾಯಿ ತೆರೆಯುವಷ್ಟರಲ್ಲಿ ಅಂಬಿಗನು ಬೆರಳನ್ನು ತುಟಿಯ ಮೇಲಿಟ್ಟು, "ಮರಿ ಅದಾವ ತಮ್ಮಾ" ಎಂದು ಪಿಸುಗುಟ್ಟಿ, ಹರಿಗೋಲನ್ನು ಅರ್ಧ ಸುತ್ತು ತಿರುಗಿಸಿ ಆಚೆಯ ದಡದ ಕಡೆಗೆ ನಡೆಸಿದನು. ಹೋಗಬೇಕಾದ ದಾರಿ ಅದರಿಂದ ದೂರವಾಯಿತು. ದಡ ಮುಟ್ಟುವಾಗ ಕತ್ತಲೆಯಾಗಿತ್ತು.